ಮೇಜಿನ ಮೇಲೆ ಸರಿಯಾಗಿದೆ, ತೋಟಕ್ಕೆ ಇಳಿದರೆ ರೇಡಿಯೋ ಲಿಂಕ್ ಕೈಕೊಡುತ್ತಿದೆ. ಏನು ಮಾಡಲಿ?

ಕಣದಮನೆ:
ನಮಸ್ಕಾರ. ಮೂಡಿಗೆರೆ ಕಡೆ ನಮ್ಮದು ಸಣ್ಣ ಕಾಫಿ ತೋಟ. ಕೆರೆ ಪಕ್ಕ ಮೋಟರ್ ಶೆಡ್ ಇದೆ, ಮನೆಯಿಂದ ಸುಮಾರು 400 ಮೀಟರ್ ಕೆಳಗೆ. ಕಾಫಿ ಹೂ ಅರಳಲು ಬೇಕಾದ ಹೂ ಮಳೆ ಸರಿಯಾಗಿ ಬರದಿದ್ದರೆ ಸ್ಪ್ರಿಂಕ್ಲರ್ ಹಾಕಲೇಬೇಕು, ತ್ರೀ ಫೇಸ್ ಕರೆಂಟ್ ಬರುವುದು ರಾತ್ರಿ ಯಾವ ಹೊತ್ತಿಗೋ. ಮೋಟರ್ ಓಡುತ್ತಿದೆಯಾ ಇಲ್ವಾ ಅಂತ ನೋಡಲು ಅಪ್ಪ ಟಾರ್ಚ್ ಹಿಡಿದು ಇಳಿಯುತ್ತಾರೆ. ಅವರಿಗೀಗ ಮಂಡಿ ನೋವು, ಆನೆ ಓಡಾಟ ಬೇರೆ. ಕೆರೆ ಹತ್ತಿರ ಮೊಬೈಲ್ ಸಿಗ್ನಲ್ ಇಲ್ಲ, ಹಾಗಾಗಿ ಸಿಮ್ ಹಾಕುವ ಪೆಟ್ಟಿಗೆ ಆಗುವುದಿಲ್ಲ.

ಎರಡು ಆರ್ಡುಯಿನೋ ನ್ಯಾನೋ (ಪ್ರೋಗ್ರಾಂ ಹಾಕುವ ಪುಟ್ಟ ಬೋರ್ಡ್), ಎರಡು ಎನ್‌ಆರ್‌ಎಫ್24ಎಲ್01+ (2.4 ಗಿಗಾಹರ್ಟ್ಸ್ ರೇಡಿಯೋ) ಮಾಡ್ಯೂಲ್ ತಂದೆ. ಮೇಜಿನ ಮೇಲೆ ಒಂದು ಪ್ಯಾಕೆಟ್ಟೂ (ಒಂದು ಸಲಕ್ಕೆ ಕಳಿಸುವ ಸಂದೇಶ) ತಪ್ಪಲಿಲ್ಲ. ತೋಟದಲ್ಲಿ 60 ಮೀಟರ್ ದಾಟಿದರೆ ಮೌನ. ಆಮೇಲೆ ಉದ್ದ ಆಂಟೆನಾ ಇರುವ ಪಿಎ ಎಲ್‌ಎನ್‌ಎ (ಕಳಿಸಲು, ಕೇಳಲು ಎರಡಕ್ಕೂ ಆಂಪ್ಲಿಫೈಯರ್ ಇರುವ) ಮಾಡ್ಯೂಲ್ ತರಿಸಿದೆ, ಅದು ಹತ್ತು ನಿಮಿಷ ಓಡಿ ನಿಂತುಬಿಡುತ್ತದೆ, ರೀಸೆಟ್ ಒತ್ತಿದರೆ ಮತ್ತೆ ಹತ್ತು ನಿಮಿಷ. ಇನ್ನೂ ದೊಡ್ಡ ಆಂಟೆನಾ ತರಲಾ, ರೇಡಿಯೋನೇ ಬದಲಿಸಲಾ?

ಹಾಸನ_ಬೆಸುಗೆ:
ನಿಮ್ಮದು ಒಂದು ಸಮಸ್ಯೆ ಅಲ್ಲ, ಎರಡು. ಬೇರೆ ಬೇರೆ ನೋಡಿ.

ನಿಂತುಹೋಗುವುದು ಹೆಚ್ಚಾಗಿ ಕರೆಂಟ್ ಸಾಲದೆ. ನ್ಯಾನೋ ಬೋರ್ಡಿನ 3.3 ವೋಲ್ಟ್ ಪಿನ್ನು 50 ಮಿಲಿಆಂಪ್ ಕೊಟ್ಟರೆ ಹೆಚ್ಚು. ಪಿಎ ಇರುವ ಮಾಡ್ಯೂಲ್ ಕಳಿಸುವ ಆ ಕ್ಷಣದಲ್ಲಿ 100 ದಾಟುತ್ತದೆ. ಒಂದು 3.3 ವೋಲ್ಟ್ ರೆಗ್ಯುಲೇಟರ್ ಬೇರೆಯಾಗಿ ಹಾಕಿ, ಮಾಡ್ಯೂಲಿನ ವಿಸಿಸಿ (ಪವರ್) ಮತ್ತು ಗ್ರೌಂಡ್ ಕಾಲಿಗೇ 47 ಅಥವಾ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೆಸುಗೆ ಹಾಕಿ. ಬ್ರೆಡ್‌ಬೋರ್ಡಿನ ಆ ತುದಿಯಲ್ಲಿ ಸಿಕ್ಕಿಸಿದರೆ ಪ್ರಯೋಜನ ಕಡಿಮೆ. ನನ್ನ ಹತ್ತಿರ ಬರುವ ಕಾಲೇಜು ಮಕ್ಕಳ ಪ್ರಾಜೆಕ್ಟ್ ಬೋರ್ಡುಗಳಲ್ಲಿ ದಿನಾ ನೋಡುವ ತೊಂದರೆ ಇದೇ.

ದೂರದ ವಿಷಯಕ್ಕೆ ಲೆಕ್ಕ ಹಾಕೋಣ. 2.4 ಗಿಗಾಹರ್ಟ್ಸ್ ಅಲೆ 400 ಮೀಟರ್ ಬರೀ ಬಯಲಲ್ಲಿ ಹೋದರೂ ಸುಮಾರು 92 ಡೆಸಿಬೆಲ್ ಕಳೆದುಕೊಳ್ಳುತ್ತದೆ. ನಿಮ್ಮ ಮೊದಲಿನ ಸಣ್ಣ ಮಾಡ್ಯೂಲ್ ಕಳಿಸುವುದು 0 ಡಿಬಿಎಂ, ಅಂದರೆ 1 ಮಿಲಿವ್ಯಾಟ್ ಶಕ್ತಿ. 250 ಕೆಬಿಪಿಎಸ್ ವೇಗದಲ್ಲಿ ಅದಕ್ಕೆ ಕೇಳಿಸುವುದು ಮೈನಸ್ 94ರ ತನಕ, 1 ಎಂಬಿಪಿಎಸ್ ಆದರೆ ಮೈನಸ್ 85 ಅಷ್ಟೇ. ಅಂದರೆ ಅತಿ ನಿಧಾನಕ್ಕೆ ಕಳಿಸಿದರೂ ಉಳಿಯುವುದು 2 ಡೆಸಿಬೆಲ್, ಅದೂ ಮಧ್ಯೆ ಒಂದು ಎಲೆಯೂ ಇಲ್ಲದಿದ್ದರೆ! ನಿಮ್ಮ ತೋಟದಲ್ಲಿ ಸಿಲ್ವರ್ ಮರ, ಅದರ ಮೈತುಂಬ ಮೆಣಸಿನ ಬಳ್ಳಿ, ಕೆಳಗೆ ಕಾಫಿ ಗಿಡ.

ಮೇಜಿನ ಮೇಲಿನ ಪರೀಕ್ಷೆ ಕೋಡ್ ಸರಿಯಿದೆ ಅಂತ ಹೇಳುತ್ತದೆ, ಲಿಂಕ್ ಬಗ್ಗೆ ಏನೂ ಹೇಳುವುದಿಲ್ಲ. ಇನ್ನೊಂದು, ಪರೀಕ್ಷೆ ಮಾಡುವಾಗ ಆಟೋ ರೀಟ್ರೈ ಆಫ್ ಮಾಡಿ. ಅದು ಹದಿನೈದು ಸಲ ಮತ್ತೆ ಮತ್ತೆ ಕಳಿಸಿ, ಸೋಲುತ್ತಿರುವ ಲಿಂಕನ್ನೂ ಚೆನ್ನಾಗಿದೆ ಅಂತ ತೋರಿಸಿಬಿಡುತ್ತದೆ.

ಸಕಲೇಶಪುರದ_ಗದ್ದೆ:
ಅಣ್ಣ ಹೇಳಿದ್ದು ಪೂರ್ತಿ ಸರಿ. ನಾನು ಇದೇ ದಾರಿಯಲ್ಲಿ ಒಂದು ವರ್ಷ ಕಳೆದಿದ್ದೇನೆ. ಏಪ್ರಿಲ್‌ನಲ್ಲಿ ಚೆನ್ನಾಗಿ ಓಡುತ್ತಿದ್ದ 2.4 ಲಿಂಕ್ ಜುಲೈನಲ್ಲಿ ಸತ್ತೇಹೋಯಿತು. ಬೋರ್ಡ್ ಒದ್ದೆಯಾಗಿರಲಿಲ್ಲ, ಎಲೆಗಳು ಒದ್ದೆಯಾಗಿದ್ದವು. ನೀರು ಅಲೆಯನ್ನು ನುಂಗುತ್ತದೆ.

ಲೋರಾಗೆ ಬನ್ನಿ, ನಿಧಾನವಾಗಿ ಆದರೆ ದೂರಕ್ಕೆ ಕಳಿಸುವ ರೇಡಿಯೋ ವಿಧಾನ ಅದು. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್ ಶಕ್ತಿಯ ಮಿತಿಯೊಳಗೆ ಲೈಸೆನ್ಸ್ ಇಲ್ಲದೆ ಬಳಸಬಹುದು. ಕೊಳ್ಳುವಾಗ ಚಿಪ್ ಹೆಸರು ಓದಿ. ಎಸ್‌ಎಕ್ಸ್1276 ಇರುವ 868 ಮಾಡ್ಯೂಲ್ ಬೇಕು. ಎಸ್‌ಎಕ್ಸ್1278 ಅಗ್ಗಕ್ಕೆ ಸಿಗುತ್ತದೆ, ಆದರೆ ಅದು 525 ಮೆಗಾಹರ್ಟ್ಸ್ ಮೇಲೆ ಹೋಗುವುದಿಲ್ಲ. ನಾನು ಮೊದಲು ತಂದಿದ್ದು ಅದೇ. ಲೋರಾ ಮಾಡ್ಯೂಲಿನ ಕಾಲುಗಳು 5 ವೋಲ್ಟ್ ತಡೆಯುವುದಿಲ್ಲ, ಹಾಗಾಗಿ 5 ವೋಲ್ಟಿನ ನ್ಯಾನೋ ಬಿಟ್ಟು 3.3 ವೋಲ್ಟಿನ ಇಎಸ್‌ಪಿ32 ಬೋರ್ಡ್ ಹಿಡಿಯಿರಿ. ಆಂಟೆನಾ ಸಿಕ್ಕಿಸದೆ ಪವರ್ ಕೊಡಲೇಬೇಡಿ.

ಆಂಟೆನಾಗೆ ದುಡ್ಡು ಹಾಕಬೇಡಿ. ವೈರಿಂಗ್‌ನವರ ಹತ್ತಿರ ಸಿಗುವ ಗಟ್ಟಿ ತಾಮ್ರದ ತಂತಿ 8.6 ಸೆಂಟಿಮೀಟರ್ ಕತ್ತರಿಸಿ ನೆಟ್ಟಗೆ ನಿಲ್ಲಿಸಿ, ಅದು 866ರ ಕಾಲು ಅಲೆ. ಬಿದಿರಿನ ಗಳಕ್ಕೆ ಕಟ್ಟಿ ಕಾಫಿ ಗಿಡದ ನೆತ್ತಿಗಿಂತ ಮೇಲೆ ಎತ್ತಿ. ಬೋರ್ಡನ್ನು ಕೈಯಲ್ಲಿ ಹಿಡಿದು ಅಳೆಯಬೇಡಿ, ನಮ್ಮ ಮೈಯೂ ನೀರೇ ಅಲ್ವಾ.

ಕಣದಮನೆ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಲೋರಾದಲ್ಲಿ ಎಸ್‌ಎಫ್ (ಸ್ಪ್ರೆಡಿಂಗ್ ಫ್ಯಾಕ್ಟರ್, ಹೆಚ್ಚಿಸಿದಷ್ಟೂ ನಿಧಾನ, ಆದರೆ ಹೆಚ್ಚು ದೂರ) 7ರಿಂದ 12ರ ತನಕ ಇದೆ. ಸುಮ್ನೆ 12 ಇಟ್ಟುಬಿಡಲಾ?

ಹಾಸನ_ಬೆಸುಗೆ:
ಬೇಡ. 125 ಕಿಲೋಹರ್ಟ್ಸ್‌ನಲ್ಲಿ 20 ಬೈಟಿನ ಒಂದು ಪ್ಯಾಕೆಟ್ ಎಸ್‌ಎಫ್ 7ರಲ್ಲಿ 57 ಮಿಲಿಸೆಕೆಂಡಿಗೆ ಮುಗಿಯುತ್ತದೆ, 12ರಲ್ಲಿ 1.3 ಸೆಕೆಂಡ್ ಗಾಳಿಯಲ್ಲಿರುತ್ತದೆ. ಬ್ಯಾಟರಿ ಸುಮ್ಮನೆ ಹೋಗುತ್ತದೆ. 7ರಿಂದ ಶುರುಮಾಡಿ. 14 ಡಿಬಿಎಂ ಕಳಿಸಿದರೆ ನಿಮ್ಮ ದೂರಕ್ಕೆ ಬಯಲಲ್ಲಿ 54 ಡೆಸಿಬೆಲ್ ಉಳಿಯುತ್ತದೆ, ಮರಗಳು ಎಷ್ಟು ತಿನ್ನುತ್ತವೋ ನೋಡೋಣ. ಪ್ರತಿ ಪ್ಯಾಕೆಟ್ಟಿಗೂ ಒಂದು ನಂಬರ್ ಹಾಕಿ, ಮನೆಯ ಬೋರ್ಡ್ ಆ ನಂಬರ್ ಮತ್ತು ಆರ್‌ಎಸ್‌ಎಸ್‌ಐ (ಬಂದ ಸಿಗ್ನಲ್‌ನ ಬಲ) ಬರೆದಿಡಲಿ. ಯಾವ ನಂಬರ್ ಇಲ್ಲವೋ ಅದು ಕಳೆದದ್ದು.

ಬಾಳೆಹೊನ್ನೂರು_ಕರೆಂಟ್:
ಒಂದು ಮಾತು ಸೇರಿಸುತ್ತೇನೆ. ಮೋಟರ್ ನಿಂತಿದೆ ಅನ್ನುವುದು ಬೇರೆ, ಶೆಡ್‌ನಿಂದ ಸುದ್ದಿಯೇ ಇಲ್ಲ ಅನ್ನುವುದು ಬೇರೆ. ಮೂರು ಪ್ಯಾಕೆಟ್ ಸತತವಾಗಿ ಬರದಿದ್ದರೆ ಡಿಸ್‌ಪ್ಲೇನಲ್ಲಿ ಹಳೆಯ ಸ್ಥಿತಿ ಉಳಿಯಬಾರದು, ಸುದ್ದಿ ಇಲ್ಲ ಅಂತ ಬರಬೇಕು. ಇಲ್ಲದಿದ್ದರೆ ಓಡುತ್ತಿದೆ ಅಂದುಕೊಂಡು ಅಪ್ಪ ಮಲಗಿರುತ್ತಾರೆ, ಬೆಳಿಗ್ಗೆ ನೋಡಿದರೆ ತೋಟಕ್ಕೆ ಒಂದು ಹನಿ ನೀರು ಹೋಗಿರುವುದಿಲ್ಲ. ಈ ಲಿಂಕ್‌ನಿಂದ ಮೋಟರ್ ಆನ್ ಮಾಡುವ ಆಸೆ ಈಗಲೇ ಬೇಡ, ಮೊದಲು ನೋಡುವುದಕ್ಕೆ ಮಾತ್ರ ಇರಲಿ.

ಕಣದಮನೆ:
ಮೂರು ವಾರದ ನಂತರ ಬರೆಯುತ್ತಿದ್ದೇನೆ. ಎಸ್‌ಎಫ್ 7, 866 ಮೆಗಾಹರ್ಟ್ಸ್, ಐದು ಸೆಕೆಂಡಿಗೊಂದು ಪ್ಯಾಕೆಟ್. ಮೊದಲು ಬೋರ್ಡನ್ನು ಶೆಡ್ ಒಳಗೇ ಇಟ್ಟಿದ್ದೆ, ಆರ್‌ಎಸ್‌ಎಸ್‌ಐ ಮೈನಸ್ 115ರ ಹತ್ತಿರ, ಪ್ಯಾಕೆಟ್ ಬಿಟ್ಟು ಬಿಟ್ಟು ಬರುತ್ತಿದ್ದವು. ಸುತ್ತಲೂ ತಗಡಿನ ಶೀಟ್. ಆಂಟೆನಾ ಹೊರಗೆ ಬಿದಿರಿನ ತುದಿಗೆ ಕಟ್ಟಿದ ಮೇಲೆ ಮೈನಸ್ 98. ಒಂದು ಗಂಟೆಯಲ್ಲಿ 720ಕ್ಕೆ 716 ಬಂದವು. ಎಸ್‌ಎಫ್ 7ರಲ್ಲಿ ಕೇಳಿಸುವ ಮಿತಿ ಮೈನಸ್ 123 ಅಂದರೆ ಇನ್ನೂ 25 ಡೆಸಿಬೆಲ್ ಕೈಯಲ್ಲಿದೆ.

ಮೊನ್ನೆ ರಾತ್ರಿ ಎರಡು ಗಂಟೆಗೆ ಕರೆಂಟ್ ಬಂತು. ಅಪ್ಪ ಹಾಸಿಗೆಯಿಂದ ಎದ್ದು ಹಜಾರದ ಡಿಸ್‌ಪ್ಲೇ ನೋಡಿದರು, ವಾಪಸ್ ಮಲಗಿದರು. ನನಗೆ ಅಷ್ಟು ಸಾಕಾಗಿತ್ತು.

ಬೋರ್ಡ್ ತೆಗೆಯದೆ ಮಳೆಗಾಲ ಪೂರ್ತಿ ಓಡಿಸುತ್ತೇನೆ. ಅಪ್ಪ ದಿನಾ ಬೆಳಿಗ್ಗೆ ಮಳೆಯನ್ನು ಇಂಚು, ಸೆಂಟಲ್ಲಿ (ಇಂಚಿನ ನೂರರಲ್ಲಿ ಒಂದು ಭಾಗ) ಪುಸ್ತಕಕ್ಕೆ ಬರೆಯುತ್ತಾರೆ. ಅದರ ಪಕ್ಕದಲ್ಲೇ ಆವತ್ತಿನ ಆರ್‌ಎಸ್‌ಎಸ್‌ಐ ಬರೆಯಲು ಒಂದು ಗೆರೆ ಎಳೆದಿದ್ದೇನೆ. ಜುಲೈ ಮುಗಿದ ಮೇಲೆ ಆ ಪುಟದ ಫೋಟೋ ಇಲ್ಲೇ ಹಾಕುತ್ತೇನೆ.