ಸರ್ವಿಸ್ ರಸ್ತೆಯಲ್ಲಿ ಲಾರಿ ಟೈರಿನ ಪಟ್ಟಿ: ಬ್ರೇಕ್ ಹಾಕಬೇಕಾ, ಮೇಲೆ ಹತ್ತಿಸಬೇಕಾ?

ಮಂಡ್ಯ_ಮೈಸೂರು_ಅಪ್‌ಡೌನ್:

ಮಂಡ್ಯದಿಂದ ಮೈಸೂರಿಗೆ ಕೆಲಸಕ್ಕೆ ಬೈಕಿನಲ್ಲೇ ಓಡಾಡುವವನು ನಾನು. 2023ರ ಆಗಸ್ಟ್‌ನಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಬೈಕು, ಆಟೋ, ಟ್ರ್ಯಾಕ್ಟರ್ ಬಿಡುವುದಿಲ್ಲ, ನಮಗೆ ಸರ್ವಿಸ್ ರಸ್ತೆಯೇ ಗತಿ. ಆ ನಿಯಮ ಸರಿಯೋ ತಪ್ಪೋ ಅಂತ ಇಲ್ಲಿ ಜಗಳ ಶುರು ಮಾಡಬೇಡಿ ಪ್ಲೀಸ್. ನನ್ನ ತಲೆನೋವು ರಸ್ತೆ ಮೇಲೆ ಬಿದ್ದಿರುವ ಸಾಮಾನು. ಟಿಪ್ಪರ್‌ನಿಂದ ಚೆಲ್ಲಿದ ಜಲ್ಲಿ, ಎಂ ಸ್ಯಾಂಡು, ಟ್ರ್ಯಾಕ್ಟರ್‌ನಿಂದ ಜಾರಿದ ಕಬ್ಬು, ಹಗ್ಗ, ಹರಿದ ಟಾರ್ಪಾಲು. ಇವೆಲ್ಲಾ ದೂರದಿಂದಲೇ ಕಣ್ಣಿಗೆ ಬೀಳುತ್ತವೆ, ಹೇಗೋ ತಪ್ಪಿಸಿಕೊಂಡು ಹೋಗುತ್ತೇವೆ.

ಹೆದರಿಕೆ ಹುಟ್ಟಿಸಿರುವುದು ಲಾರಿ ಟೈರಿನಿಂದ ಕಿತ್ತು ಬಿದ್ದಿರುವ ರಬ್ಬರ್ ಪಟ್ಟಿ. ಮೊನ್ನೆ ಸಂಜೆ ಗಣಂಗೂರು ದಾಟಿ ಮನೆ ಕಡೆ ಬರುತ್ತಿದ್ದೆ, ಮುಂದೆ ಒಂದು ಕ್ಯಾಂಟರ್ ಹೋಗುತ್ತಿತ್ತು. ಅದರ ಕೆಳಗಿನಿಂದ ಮೊಳ ಉದ್ದದ ಟೈರ್ ತುಂಡು ಇದ್ದಕ್ಕಿದ್ದಂತೆ ಎದುರಿಗೆ ಬಂತು. ಏನು ಅಂತ ಗೊತ್ತಾಗುವಷ್ಟರಲ್ಲಿ ಹತ್ತಿಸಿಯಾಗಿತ್ತು. ಹ್ಯಾಂಡಲ್ ಒದ್ದಾಡಿತು, ಬೀಳಲಿಲ್ಲ. ಮಾರನೇ ದಿನ ನೋಡಿದರೆ ಹಿಂದಿನ ಟೈರ್ ಪೂರ್ತಿ ಕೂತಿದೆ. ಪಂಕ್ಚರ್ ಅಂಗಡಿಯವರು ಒಳಗಿನಿಂದ ಸಣ್ಣ ತಂತಿ ಚೂರು ತೆಗೆದು ಕೈಗಿಟ್ಟರು.

ಗೊತ್ತಿರುವವರು ಹೇಳಿ. ಹೀಗೆ ಎದುರಿಗೆ ಬಂದಾಗ ಬ್ರೇಕ್ ಹಿಡಿಯಬೇಕಾ, ಪಕ್ಕಕ್ಕೆ ಎಳೆಯಬೇಕಾ, ಸೀದಾ ಹತ್ತಿಸಬೇಕಾ? ಓಡುತ್ತಿರುವಾಗಲೇ ಟೈರ್ ಸಿಡಿದರೆ ಏನು ಮಾಡುವುದು? ನನ್ನದು ಸ್ಪೋಕ್ ಚಕ್ರ, ಟ್ಯೂಬ್ ಟೈರ್. ಟ್ಯೂಬ್‌ಲೆಸ್ ಹಾಕಿಸು ಅಂತ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ, ಆಗುತ್ತದಾ?

ರಿಂಗ್‌ರೋಡ್_ಸವಾರ:

ಬೀಳಲಿಲ್ಲವಲ್ಲ, ಅಷ್ಟು ಸಾಕು. ಬ್ರೇಕಾ ಹತ್ತಿಸುವುದಾ ಅಂತ ಕೇಳಿದ್ದೀರಿ. ಆ ಪ್ರಶ್ನೆ ತಲೆಗೆ ಬರುವ ಹೊತ್ತಿಗೆ ತಡವಾಗಿರುತ್ತದೆ ಅನ್ನುವುದೇ ನನ್ನ ವಾದ. ತಪ್ಪಿಸಿಕೊಳ್ಳುವುದೇನಿದ್ದರೂ ಅದಕ್ಕೆ ಮುಂಚೆ.

ಲಾರಿ, ಕ್ಯಾಂಟರ್, ಕಾರು, ಯಾವುದೇ ಇರಲಿ, ರಸ್ತೆ ಮೇಲೆ ಬಿದ್ದದ್ದನ್ನು ಎಡಬಲದ ಚಕ್ರಗಳ ನಡುವೆ ಬಿಟ್ಟುಕೊಂಡು ಆರಾಮಾಗಿ ದಾಟಿಬಿಡುತ್ತದೆ. ಡ್ರೈವರ್ ಬ್ರೇಕ್ ಹಾಕುವುದಿಲ್ಲ, ಬ್ರೇಕ್ ಲೈಟೂ ಹತ್ತುವುದಿಲ್ಲ, ಅಲ್ಲೊಂದು ತುಂಡು ಬಿದ್ದಿತ್ತು ಅಂತ ಹಿಂದಿನವನಿಗೆ ಸುಳಿವೇ ಸಿಗುವುದಿಲ್ಲ. ಅದರ ಹಿಂದೆ ನಟ್ಟನಡುವೆ ಬರುತ್ತಿರುವ ಬೈಕಿಗೆ ಮಾತ್ರ ಸೀದಾ ಮುಂದಿನ ಚಕ್ರಕ್ಕೆ. ಅದಕ್ಕೇ ದೊಡ್ಡ ಗಾಡಿ ಹಿಂದೆ ಮಧ್ಯದಲ್ಲಿ ಹೋಗಬೇಡಿ. ಅದರ ಎಡ ಚಕ್ರವೋ ಬಲ ಚಕ್ರವೋ ಓಡಿದ ಜಾಡಿನಲ್ಲಿ ಹೋಗಿ. ತನ್ನ ಟೈರ್ ಉಳಿಸಿಕೊಳ್ಳಲು ಆ ಡ್ರೈವರ್ ಏನನ್ನು ತಪ್ಪಿಸುತ್ತಾನೋ ಅದು ನಿಮಗೂ ತಪ್ಪುತ್ತದೆ. ಬಲಗಡೆ ಜಾಡಾದರೆ ಮುಂದಿನ ರಸ್ತೆಯೂ ಸ್ವಲ್ಪ ಕಾಣುತ್ತದೆ, ಅವನ ಕನ್ನಡಿಯಲ್ಲಿ ನೀವೂ ಕಾಣುತ್ತೀರಿ. ಆದರೆ ನಮ್ಮ ಸರ್ವಿಸ್ ರಸ್ತೆಯಲ್ಲಿ ರಾಂಗ್ ಸೈಡಿನಲ್ಲಿ ಬರುವ ಮಹಾನುಭಾವರು ಇದ್ದೇ ಇರುತ್ತಾರೆ, ಅದನ್ನೂ ನೋಡಿಕೊಳ್ಳಿ.

ಇನ್ನು ಅಂತರ. 60 ಕಿ.ಮೀ. ಸ್ಪೀಡಿನಲ್ಲಿ ಸೆಕೆಂಡಿಗೆ ಹತ್ತಿರ ಹತ್ತಿರ 17 ಮೀಟರ್ ಓಡಿರುತ್ತೀರಿ. ಕಂಡದ್ದು ಏನು ಅಂತ ಗೊತ್ತಾಗಿ ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡ್ ಮುಗಿದಿರುತ್ತದೆ. ಕ್ಯಾಂಟರ್‌ಗೂ ನಿಮಗೂ ನಡುವೆ 10 ಮೀಟರ್ ಇದ್ದರೆ ಯಾವ ಶೂರನೂ ಏನೂ ಮಾಡಲಾಗುವುದಿಲ್ಲ. ಮುಂದಿನ ಗಾಡಿ ಒಂದು ಲೈಟ್ ಕಂಬ ದಾಟಿದ ಮೇಲೆ ನೀವು ಅದೇ ಕಂಬ ಮುಟ್ಟಲು 3 ಸೆಕೆಂಡ್ ಆದರೂ ಬೇಕು. ನಡುವೆ ಇನ್ಯಾರೋ ನುಗ್ಗುತ್ತಾರೆ. ನುಗ್ಗಲಿ ಬಿಡಿ, ಇನ್ನೊಂದು ಚೂರು ಹಿಂದೆ ಸರಿಯಿರಿ.

ಇಷ್ಟಾದರೂ ಎದುರಿಗೆ ಬಂತು ಅಂದುಕೊಳ್ಳಿ. ಪಕ್ಕ ಖಾಲಿ ಇದೆ, ಯಾರೂ ಬರುತ್ತಿಲ್ಲ ಅಂತ ಮೊದಲೇ ಗೊತ್ತಿದ್ದರೆ ಮಾತ್ರ ತಪ್ಪಿಸಿ. ಇಲ್ಲದಿದ್ದರೆ ಗಾಡಿ ನೆಟ್ಟಗಿಟ್ಟು ಬ್ರೇಕ್ ಹಿಡಿದು ಸ್ಪೀಡ್ ಇಳಿಸಿ, ತುಂಡು ತಾಗುವ ಮುಂಚೆ ಬ್ರೇಕ್ ಬಿಟ್ಟುಬಿಡಿ. ಬ್ರೇಕ್ ಹಿಡಿದಾಗ ಮುಂದಿನ ಫೋರ್ಕ್ (ಮುಂದಿನ ಶಾಕ್ ಅಬ್ಸಾರ್ಬರ್) ಕುಸಿದು ಕೂತಿರುತ್ತದೆ, ಹಾಗೇ ಹತ್ತಿಸಿದರೆ ಏಟು ತಡೆಯಲು ಅದರಲ್ಲಿ ಜಾಗವೇ ಉಳಿದಿರುವುದಿಲ್ಲ. ಸೀಟಿನಿಂದ ಸ್ವಲ್ಪ ಎದ್ದು ಭಾರ ಫುಟ್‌ರೆಸ್ಟ್ ಮೇಲೆ ಹಾಕಿ, ಮೊಣಕೈ ಸಡಿಲ ಬಿಡಿ. ಓರೆಯಾಗಿ ಹತ್ತಿಸಿದರೆ ಚಕ್ರ ಜಾರುತ್ತದೆ, ಸೀದಾ ಹತ್ತಿಸಿ. ತುಂಡನ್ನೇ ನೋಡುತ್ತಾ ಇದ್ದರೆ ಗಾಡಿ ಅಲ್ಲಿಗೇ ಹೋಗುತ್ತದೆ, ಕಣ್ಣು ಖಾಲಿ ಜಾಗದ ಮೇಲಿರಲಿ.

ಮೇಟಗಳ್ಳಿ_ರಿಟೈರ್ಡ್:

ಮೈಸೂರಿನ ವಿಕ್ರಾಂತ್ ಟೈರ್ ಕಾರ್ಖಾನೆ ಕಾಲದಿಂದಲೂ ಟೈರ್ ಕೆಲಸ ನೋಡಿದವನು ನಾನು, ಈಗ ಮನೆಯಲ್ಲಿದ್ದೇನೆ. ಪಟ್ಟಿ ಕಿತ್ತು ಬಿದ್ದಿದ್ದು ಕಂಡರೆ ಎಲ್ಲರೂ ಬೈಯುವುದು ರೀಟ್ರೆಡ್ ಟೈರನ್ನು. ಪೂರ್ತಿ ನಿಜ ಅಲ್ಲ. ಸವೆದ ಟೈರಿನ ಮೇಲ್ಪದರ ಉಜ್ಜಿ ತೆಗೆದು ಹೊಸ ಪಟ್ಟಿ ಕೂರಿಸಿ, ಶಾಖ ಮತ್ತು ಒತ್ತಡ ಕೊಟ್ಟು ಅಂಟಿಸುವುದೇ ರೀಟ್ರೆಡ್. ನೆಟ್ಟಗೆ ಮಾಡಿದ್ದು ಚೆನ್ನಾಗಿಯೇ ಓಡುತ್ತದೆ. ಕೆಡಿಸುವುದು ಕಡಿಮೆ ಗಾಳಿ ಮತ್ತು ಓವರ್‌ಲೋಡು. ಲಾರಿ ಹಿಂದೆ ಜೋಡಿ ಟೈರ್ ಇರುತ್ತದಲ್ಲ, ಒಳಗಿನದರಲ್ಲಿ ಗಾಳಿ ಇಳಿದರೂ ಹೊರಗಿನದು ಭಾರ ಹೊತ್ತುಕೊಂಡು ಹೋಗುತ್ತದೆ, ಡ್ರೈವರ್‌ಗೆ ಗೊತ್ತೇ ಆಗುವುದಿಲ್ಲ. ಗಾಳಿ ಇಳಿದ ಟೈರ್ ಸುತ್ತು ಸುತ್ತಿಗೂ ಮಡಚಿಕೊಂಡು ಬಿಚ್ಚಿಕೊಂಡು ಕಾಯುತ್ತದೆ. ಕಾದು ಕಾದು ರಬ್ಬರಿಗೂ ಒಳಗಿನ ತಂತಿ ಪದರಕ್ಕೂ ಇರುವ ಹಿಡಿತ ಬಿಟ್ಟುಹೋಗುತ್ತದೆ. ಹೊಸ ಟೈರಿಗೂ ಇದೇ ಗತಿ. ನಿಮ್ಮ ಟೈರಿನಲ್ಲಿ ಸಿಕ್ಕಿದ್ದೂ ಬಹುಶಃ ಇದೇ, ರೇಡಿಯಲ್ ಟೈರಿನ ಒಳಗಿನ ಉಕ್ಕಿನ ಎಳೆ. ಪಟ್ಟಿ ತಪ್ಪಿಸಿದರೂ ಸುತ್ತ ಚೆಲ್ಲಿರುವ ಚೂರುಗಳ ಮೇಲೆ ಹೋದರೆ ಚುಚ್ಚುತ್ತದೆ. ಮೊಳೆ, ತಂತಿ ಜಾಸ್ತಿ ಹಿಂದಿನ ಟೈರಿಗೇ ಹೋಗುವುದಕ್ಕೆ ಕಾರಣ ಇದೆ. ಮಲಗಿದ್ದ ಮೊಳೆಯನ್ನು ಮುಂದಿನ ಚಕ್ರ ಎಬ್ಬಿಸುತ್ತದೆ, ಹಿಂದಿನದು ಬಂದು ತುಳಿಯುತ್ತದೆ.

ಮುಂದಿನ ಲಾರಿಯಿಂದ ಸುಟ್ಟ ರಬ್ಬರ್ ವಾಸನೆ ಬಂದರೆ, ಚಕ್ರದ ಹತ್ತಿರ ಹೊಗೆ ಕಂಡರೆ, ಪಟ ಪಟ ಅಂತ ಬಡಿಯುವ ಸದ್ದು ಕೇಳಿದರೆ ಹಿಂದೆ ಉಳಿಯಿರಿ. ಅದರ ಪಕ್ಕದಲ್ಲೇ ಸಮನಾಗಿ ಓಡಿಸುವುದಂತೂ ಬೇಡವೇ ಬೇಡ. ಲಾರಿ ಟೈರಿನಲ್ಲಿ 100 ಪಿಎಸ್‌ಐ ಮೇಲೆ ಗಾಳಿ ಇರುತ್ತದೆ, ಸಿಡಿದರೆ ಚೂರು ಎತ್ತ ಹಾರುತ್ತದೋ ಹೇಳಲಾಗದು.

ನಿಮ್ಮ ಟೈರಿನ ವಿಷಯಕ್ಕೆ ಬರೋಣ. ಸಾಮಾನ್ಯ ಸ್ಪೋಕ್ ರಿಮ್ಮಿನಲ್ಲಿ ಒಂದೊಂದು ಸ್ಪೋಕಿಗೂ ಒಂದೊಂದು ತೂತು. ಹಾಗಾಗಿ ಒಳಗೆ ಟ್ಯೂಬ್ ಇಲ್ಲದೆ ಗಾಳಿ ನಿಲ್ಲುವುದಿಲ್ಲ. ಟ್ಯೂಬ್‌ಲೆಸ್ ಟೈರ್ ತಂದು ಒಳಗೆ ಟ್ಯೂಬ್ ಹಾಕಿದರೆ ಅದು ಟ್ಯೂಬ್ ಟೈರೇ, ದುಡ್ಡು ದಂಡ. ಸ್ಪೋಕ್ ತೂತುಗಳಿಗೆ ಸೀಲೆಂಟ್ ಬಳಿದು ಮಾಡಿಕೊಡುತ್ತೇವೆ ಅನ್ನುವವರು ಇದ್ದಾರೆ, ನಾನಂತೂ ನನ್ನ ಮಗನ ಗಾಡಿಗೆ ಮಾಡಿಸುವುದಿಲ್ಲ. ಬೇಕೇ ಬೇಕು ಅಂದರೆ ನಿಮ್ಮ ಗಾಡಿಗೆ ಹೊಂದುವ ಟ್ಯೂಬ್‌ಲೆಸ್ ಅಲಾಯ್ ಚಕ್ರವನ್ನೇ ಹಾಕಿಸಿ. ಟ್ಯೂಬ್‌ಲೆಸ್‌ನಲ್ಲಿ ಮೊಳೆ ಹೊಕ್ಕರೆ ಸಾಮಾನ್ಯವಾಗಿ ರಬ್ಬರೇ ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಗಾಳಿ ನಿಧಾನಕ್ಕೆ ಇಳಿಯುತ್ತದೆ. ಟ್ಯೂಬ್ ಹರಿದರೆ ಕ್ಷಣದಲ್ಲಿ ಖಾಲಿ.

ಟ್ಯೂಬ್ ಟೈರ್ ಇರುವವರು ವಾಲ್ವ್ ಮೇಲೆ ಒಂದು ಕಣ್ಣಿಡಿ. ಅದು ನೆಟ್ಟಗೆ ನಿಂತಿರಬೇಕು. ಓರೆಯಾಗಿ ವಾಲಿದ್ದರೆ ಗಾಳಿ ಕಡಿಮೆಯಾಗಿ ಟೈರು ಟ್ಯೂಬನ್ನೂ ಎಳೆದುಕೊಂಡು ರಿಮ್ ಮೇಲೆ ಜಾರುತ್ತಿದೆ ಅಂತ ಅರ್ಥ, ಒಂದು ದಿನ ಬುಡದಲ್ಲೇ ಕಿತ್ತು ಬರುತ್ತದೆ. ಟೈರ್ ಬದಲಾಯಿಸುವಾಗ ಟ್ಯೂಬೂ ಹೊಸದು ಹಾಕಿಸಿ. ಒಳಗಿನ ರಿಮ್ ಟೇಪ್ ಹರಿದಿದ್ದರೆ ಸ್ಪೋಕಿನ ತಲೆಯೇ ಟ್ಯೂಬನ್ನು ಚುಚ್ಚುತ್ತದೆ, ಜನ ರಸ್ತೆಯಲ್ಲಿ ಮೊಳೆ ಹುಡುಕುತ್ತಾ ಇರುತ್ತಾರೆ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಮೇಲಿನ ಗುಂಡಿಗಳು ಸವೆಯದೆ ಚೆನ್ನಾಗಿದ್ದರೂ ಪಕ್ಕದಲ್ಲಿ ಬಿರುಕು ಬಿಟ್ಟಿದ್ದರೆ ಮುಲಾಜಿಲ್ಲದೆ ತೆಗೆಸಿ. ಗಾಳಿ ಎಷ್ಟು ಅಂತ ಚೈನ್ ಕವರ್ ಹತ್ತಿರದ ಸ್ಟಿಕ್ಕರ್‌ನಲ್ಲೋ ಗಾಡಿಯ ಪುಸ್ತಕದಲ್ಲೋ ಇರುತ್ತದೆ. ಟೈರ್ ತಣ್ಣಗಿರುವಾಗ ಹಿಡಿಸಿ. ಹಿಂದೆ ಯಾರಾದರೂ ಕೂರುವುದಿದ್ದರೆ ಹಿಂದಿನದಕ್ಕೆ ಜಾಸ್ತಿ ಬೇಕು, ಅದೂ ಅಲ್ಲೇ ಬರೆದಿರುತ್ತದೆ.

ಓಡುವಾಗ ಸಿಡಿದರೆ: ಹ್ಯಾಂಡಲ್ ಗಟ್ಟಿ ಹಿಡಿದು ನೆಟ್ಟಗಿಡಿ, ಆಕ್ಸಿಲರೇಟರ್ ನಿಧಾನಕ್ಕೆ ಬಿಡಿ. ಸಿಡಿದ ಚಕ್ರದ ಬ್ರೇಕ್ ಮುಟ್ಟಬೇಡಿ. ಹಿಂದಿನದು ಹೋದರೆ ಮುಂದಿನ ಬ್ರೇಕು, ಮುಂದಿನದು ಹೋದರೆ ಹಿಂದಿನ ಬ್ರೇಕು, ಎರಡೂ ಮೆಲ್ಲಗೆ. ಹಿಂದಿನದು ಹೋದಾಗ ಗಾಡಿಯ ಹಿಂಭಾಗ ಅತ್ತಿತ್ತ ಆಡುತ್ತದೆ, ಹೆದರಿ ಪೆಡಲ್ ಒತ್ತುವವರೇ ಬೀಳುವುದು. ಮುಂದಿನದು ಸಿಡಿದರೆ ನಿಜಕ್ಕೂ ಕಷ್ಟ, ಹ್ಯಾಂಡಲ್ ಕಲ್ಲಾಗುತ್ತದೆ. ಪೂರ್ತಿ ಸ್ಪೀಡ್ ಇಳಿದ ಮೇಲೆ ಎಡಕ್ಕೆ ತನ್ನಿ.

ಬೆಳ್ಳೂರು_ಕ್ರಾಸ್_ಹುಡುಗ:

ಟೈರ್ ಪಟ್ಟಿ ಬಿಡಿ ಅಣ್ಣ, ಸಂಕ್ರಾಂತಿ ಹತ್ತಿರ ಬಂದಾಗ ನಾಗಮಂಗಲ ಕಡೆ ಬನ್ನಿ. ರಸ್ತೆ ತುಂಬಾ ಹುರುಳಿ, ರಾಗಿ ಹರಡಿರುತ್ತಾರೆ. ಹುರುಳಿ ಸೊಪ್ಪಿನ ಮೇಲೆ ಬ್ರೇಕ್ ಮುಟ್ಟಿದಿರೋ ಮುಗಿಯಿತು, ಕೆಳಗೆ ಕಾಳು ಉರುಳುತ್ತಿರುತ್ತದೆ, ಟೈರಿಗೆ ನೆಲವೇ ಸಿಗುವುದಿಲ್ಲ. ಬಳ್ಳಿ ಚೈನಿಗೂ ಆಕ್ಸಲಿಗೂ ಸುತ್ತಿಕೊಳ್ಳುತ್ತದೆ. ಬಿಸಿ ಸೈಲೆನ್ಸರಿಗೆ ಹುಲ್ಲು ಸಿಕ್ಕಿಕೊಂಡರೆ ಬೆಂಕಿ. ಇನ್ನು ಗಾಡಿಗಳು ಇಲ್ಲೇ ಹೋಗಲಿ ಅಂತ ಇಟ್ಟ ಕಲ್ಲುಗಳು, ಒಕ್ಕಣೆ ಮುಗಿದರೂ ಎತ್ತುವುದಿಲ್ಲ, ರಾತ್ರಿ ಅಲ್ಲೇ ಇರುತ್ತವೆ. ರಸ್ತೆಗೆ ಅಡ್ಡಿ ಮಾಡಿದರೆ ಭಾರತೀಯ ನ್ಯಾಯ ಸಂಹಿತೆ 285ರಲ್ಲಿ 5,000 ರೂಪಾಯಿವರೆಗೆ ದಂಡ ಇದೆ. ಯಾರಿಗೆ ಹಾಕುತ್ತಾರೆ ಹೇಳಿ?

ಹೊಲದ_ಮನೆ:

ತಮ್ಮಾ, ಬೈಯುವುದು ಸುಲಭ. ನಮ್ಮ ತಾತನ ಕಾಲದಲ್ಲಿ ಕಣ ಮಾಡಿ, ಸಗಣಿ ಬಳಿದು, ಒಕ್ಕಣೆಯ ಕಲ್ಲಿನ ಗುಂಡು ಕಟ್ಟಿ ಎತ್ತು ಹೊಡೆಯುತ್ತಿದ್ದರು. ಈಗ ಎತ್ತೂ ಇಲ್ಲ, ಆಳೂ ಇಲ್ಲ, ಅರ್ಧ ಎಕರೆ ಹುರುಳಿಗೆ ಮಿಷನ್ ತರಿಸಿದರೆ ಬಾಡಿಗೆಗೇ ಕಾಳು ಹೋಗುತ್ತದೆ. ಆದರೂ ಕಲ್ಲಿನ ಮಾತು ಒಪ್ಪುತ್ತೇನೆ. ಕಲ್ಲು ಬಿಟ್ಟು ಹೋಗುವುದಕ್ಕೆ ಯಾವ ಕಾರಣವೂ ಇಲ್ಲ, ಅದು ಬರೀ ಸೋಮಾರಿತನ. ನರೇಗಾದಲ್ಲಿ ಒಕ್ಕಣೆ ಕಣ ಮಾಡಿಸಿಕೊಳ್ಳಬಹುದಿತ್ತು, ನಮ್ಮ ಊರಿನಲ್ಲಿ ಒಂದು ಆಗಿದೆ, ಅದು ಆದಮೇಲೆ ರಸ್ತೆಗೆ ಹಾಕುವವರು ಕಡಿಮೆಯಾದರು. ನಿಮ್ಮ ಪಂಚಾಯಿತಿಯಲ್ಲೂ ಕೇಳಿ.

ಅಲ್ಲಿಯವರೆಗೆ ಬೈಕಿನವರು ಒಂದು ಕೆಲಸ ಮಾಡಿ. ಸೊಪ್ಪು ಕಂಡ ತಕ್ಷಣ, ಅದಕ್ಕೆ ಮುಂಚೆಯೇ ಸ್ಪೀಡ್ ಇಳಿಸಿ, ಸೆಕೆಂಡ್ ಗೇರಿನಲ್ಲಿ ಬ್ರೇಕ್ ಮುಟ್ಟದೆ ನೇರ ದಾಟಿ. ದಾಟಿದ ಮೇಲೆ ನಿಲ್ಲಿಸಿ ಚೈನು, ಸೈಲೆನ್ಸರ್ ನೋಡಿಕೊಳ್ಳಿ. ಪಕ್ಕದಲ್ಲಿ ಮಣ್ಣಿನ ದಾರಿ ಇದ್ದರೆ ಅದೇ ವಾಸಿ.

ಕುವೆಂಪುನಗರ_ಸ್ಕೂಟಿ:

ಎಲ್ಲರೂ ಬೈಕಿನ ಲೆಕ್ಕದಲ್ಲೇ ಹೇಳುತ್ತಿದ್ದೀರಿ. ಸ್ಕೂಟರಿನವರ ಕಥೆ ಬೇರೆ. ನಮ್ಮದು 10, 12 ಇಂಚಿನ ಚಕ್ರ, ಬೈಕಿನದು 17, 18 ಇಂಚು. ಬೈಕು ಹತ್ತಿ ಇಳಿಯುವ ಕಲ್ಲಿಗೆ ನಮ್ಮ ಚಕ್ರ ಡಿಕ್ಕಿ ಹೊಡೆದು ನಿಂತುಬಿಡುತ್ತದೆ. ಮುಂದೆ ಕಾಲಿನ ಹತ್ತಿರ ಅಕ್ಕಿ ಮೂಟೆ, ಸಿಲಿಂಡರ್ ಇಟ್ಟುಕೊಂಡಿದ್ದರೆ ಎದ್ದು ನಿಲ್ಲುವುದು ಎಲ್ಲಿಂದ ಬಂತು? ಹಾಗಾಗಿ ನಮಗೆ ಸ್ಪೀಡ್ ಕಡಿಮೆ ಇಡುವುದು ಬಿಟ್ಟು ಬೇರೆ ದಾರಿ ಇಲ್ಲ.

ನಮ್ಮ ಕಡೆ ರಿಂಗ್ ರೋಡಿನಲ್ಲಿ ಕಸ ಸುರಿಯುವ ಜಾಗಗಳೇ ದೊಡ್ಡ ತಲೆನೋವು. ಒಡೆದ ಬಾಟಲಿ ಗಾಜು, ಕಟ್ಟಡ ಕೆಡವಿದ ಇಟ್ಟಿಗೆ ಚೂರು, ಕಸಕ್ಕೆ ಬರುವ ನಾಯಿಗಳು. ತೀರಾ ಎಡಕ್ಕೆ ಹೋದರೆ ಸೇಫ್ ಅಂತ ಅಂದುಕೊಳ್ಳುತ್ತೇವೆ ಅಲ್ವಾ, ಗಾಡಿಗಳ ಚಕ್ರ ಎಲ್ಲವನ್ನೂ ತಳ್ಳಿ ಗುಡ್ಡೆ ಹಾಕುವುದೇ ಆ ಅಂಚಿಗೆ. ಅಂಚಿನಿಂದ ಮೂರ್ನಾಲ್ಕು ಅಡಿ ಒಳಗಿರಿ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆದುಕೊಳ್ಳಲಿ.

ಮಂಡ್ಯ_ಮೈಸೂರು_ಅಪ್‌ಡೌನ್:

ಎಲ್ಲರಿಗೂ ಥ್ಯಾಂಕ್ಸ್. ಮೇಟಗಳ್ಳಿ ಸಾರ್, ಈಗಷ್ಟೇ ಹೋಗಿ ನೋಡಿದೆ, ಮುಂದಿನ ವಾಲ್ವ್ ಸ್ವಲ್ಪ ವಾಲಿದೆ! ನಾಳೆ ಬಿಚ್ಚಿಸುತ್ತೇನೆ. ಅಲಾಯ್ ಈಗ ಬೇಡ, ಸಂಬಳ ನೋಡಿಕೊಂಡು ಆಮೇಲೆ. ಇನ್ನೊಂದು, ರಸ್ತೆ ಮಧ್ಯೆ ದೊಡ್ಡ ತುಂಡು ಬಿದ್ದಿರುವುದು ಕಂಡರೆ ಯಾರಿಗೆ ಹೇಳುವುದು? ನಾವೇ ಇಳಿದು ಎತ್ತಿ ಹಾಕಬಹುದಾ?

ರಿಂಗ್‌ರೋಡ್_ಸವಾರ:

ಹೆದ್ದಾರಿಯಾದರೆ 1033ಕ್ಕೆ ಫೋನ್ ಮಾಡಿ, ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ. ಬರೀ ಮಂಡ್ಯ ಹತ್ತಿರ ಅಂದರೆ ಅವರು ಎಲ್ಲಿ ಅಂತ ಹುಡುಕಬೇಕು? ಪಕ್ಕದ ಕಿಲೋಮೀಟರ್ ಕಲ್ಲಿನ ನಂಬರ್, ಮೈಸೂರು ಕಡೆ ಹೋಗುವ ಸೈಡಾ ಬೆಂಗಳೂರು ಕಡೆಯದಾ, ಮೇನ್ ರಸ್ತೆಯಾ ಸರ್ವಿಸ್ ರಸ್ತೆಯಾ, ಇಷ್ಟು ಹೇಳಿ. ಯಾರಾದರೂ ಬಿದ್ದಿದ್ದರೆ ಮೊದಲು 112. ಎತ್ತಿ ಹಾಕುವುದು ಹಗಲಿನಲ್ಲಿ, ಎರಡೂ ಕಡೆ ಖಾಲಿ ಇದ್ದಾಗ ಮಾತ್ರ, ಅದೂ ಬೈಕನ್ನು ಪೂರ್ತಿ ಮಣ್ಣಿಗೆ ಇಳಿಸಿ ನಿಲ್ಲಿಸಿದ ಮೇಲೆ. ಬರಿಗೈಯಲ್ಲಿ ಮುಟ್ಟಬೇಡಿ, ತಂತಿ ಕೈಗೂ ಹೋಗುತ್ತದೆ. ರಾತ್ರಿಯಾದರೆ ಫೋನ್ ಮಾಡಿ ಮುಂದೆ ಹೋಗಿ.