13 ವರ್ಷದ ಪಿಂಕಿಗೆ ಮರೆವು ಶುರುವಾದಂಗಿದೆ, ಸಪ್ಲಿಮೆಂಟ್ ಕೊಟ್ರೆ ಉಪಯೋಗ ಆಗತ್ತಾ?

ಸಾಗರದವಳು:
ಎಲ್ರಿಗೂ ನಮಸ್ಕಾರ, ನಮ್ಮನೆ ಪಿಂಕಿ ಪೊಮೆರೇನಿಯನ್ ನಾಯಿ, ಬರೋ ಯುಗಾದಿಗೆ 14 ತುಂಬತ್ತೆ. ಎರಡು ತಿಂಗಳಿಂದ ಏನೋ ಬೇರೆ ಥರ ಆಡ್ತಿದಾಳೆ, ಹೊರಗೆ ಹೋಗ್ಬೇಕು ಅಂದ್ರೆ ಬಾಗಿಲು ತೆರ್ಕೊಳ್ಳೋ ಕಡೆ ಬಿಟ್ಟು ಕೀಲು ಇರೋ ಕಡೆ ಹೋಗಿ ಮೂಗು ಒತ್ಕೊಂಡು ನಿಂತ್ಕೋತಾಳೆ, ಸೋಫಾ ಹಿಂದೆ ನುಗ್ಗಿದ್ರೆ ವಾಪಸ್ ಬರೋದು ಹೇಗೆ ಅಂತ ಗೊತ್ತಾಗಲ್ಲ. ಹಗಲೆಲ್ಲ ನಿದ್ದೆ, ರಾತ್ರಿ 2 ಗಂಟೆಗೆ ಎದ್ದು ಹಾಲ್ ತುಂಬಾ ಸುತ್ತು, ಗೋಡೆ ನೋಡಿ ಬೊಗಳೋದು. ಮರಿ ಇದ್ದಾಗ ಬಿಟ್ರೆ ಮನೆ ಒಳಗೆ ಒಂದಿನಾನೂ ಉಚ್ಚೆ ಮಾಡಿದವಳಲ್ಲ, ಮೊನ್ನೆ ದೇವರ ಮನೆ ಮುಂದೇನೇ ಮಾಡಿದ್ಲು. ಅಪ್ಪ ಬೈದ್ರು, ಯಾಕೆ ಬೈತಿದಾರೆ ಅಂತಾನೂ ತಿಳೀದೆ ಅವರ ಮುಖಾನೇ ನೋಡ್ತಾ ನಿಂತಿದ್ಲು ಪಾಪ, ನಂಗೆ ಅಳುನೇ ಬಂತು. ಡಾಕ್ಟರ್ ವಯಸ್ಸಾಯ್ತಲ್ಲ ಅಂತ ಕಳಿಸಿಬಿಟ್ರು. ಒಬ್ರು ದಿನಾ ಎರಡು ಚಮಚ ಕೊಬ್ಬರಿ ಎಣ್ಣೆ ಹಾಕಿ ಅಂತಾರೆ, ಇನ್ನೊಬ್ರು ಮನುಷ್ಯರ ಮೆಮೊರಿ ಕ್ಯಾಪ್ಸೂಲ್ ಅರ್ಧ ಕೊಡಿ ಅಂತಾರೆ. ಯಾರಾದ್ರೂ ಕೊಟ್ಟು ನೋಡಿದೀರಾ?

ಲ್ಯಾಬ್ ಅಮ್ಮ:
ಮೊದ್ಲು ಉಚ್ಚೆ ಟೆಸ್ಟ್, ರಕ್ತ ಟೆಸ್ಟ್ ಮಾಡಿಸಿ. ನಮ್ಮ ಲ್ಯಾಬ್ರಡಾರ್ ಕೂಡ ಒಳಗೇ ಮಾಡ್ತಿದ್ದ, ನಾವೂ ಮರೆವು ಅಂದ್ಕೊಂಡ್ವಿ, ನೋಡಿದ್ರೆ ಮೂತ್ರದ ಇನ್ಫೆಕ್ಷನ್, ರಾತ್ರಿ ಓಡಾಡ್ತಿದ್ದಿದ್ದು ಸೊಂಟದ ಕೀಲು ನೋವಿಗೆ. ನೋವಿನ ಔಷಧಿ ಶುರುವಾದ್ಮೇಲೆ ಬೆಳಗಿನವರೆಗೂ ಮಲಗೋಕೆ ಶುರು ಮಾಡ್ದ. ಕಣ್ಣು, ಕಿವಿ, ಕಿಡ್ನಿ, ಬಿಪಿ ಎಲ್ಲಾ ಒಂದ್ಸಲ ನೋಡಿಸಿ, ಆ ಡಾಕ್ಟರ್ ಮಾಡಲ್ಲ ಅಂದ್ರೆ ಬೇರೆಯವರ ಹತ್ರ ಹೋಗಿ.

ಹಳ್ಳಿ ವೆಟ್:
ಮೇಲಿನವರು ಹೇಳಿದ್ದೇ ಸರಿ, ಅದನ್ನೆಲ್ಲ ನೋಡಿದ್ಮೇಲೆ ಉಳಿಯೋದು ಕಾಗ್ನಿಟಿವ್ ಡಿಸ್‌ಫಂಕ್ಷನ್, ಅಂದ್ರೆ ವಯಸ್ಸಾದ ನಾಯಿಗೆ ಬರೋ ಮರೆವಿನ ಕಾಯಿಲೆ. ವಯಸ್ಸಾದ ನಾಯಿ ಮೆದುಳಲ್ಲೂ ಆಲ್‌ಝೈಮರ್ಸ್ ಥರಾನೇ ಬೀಟಾ ಅಮೈಲಾಯ್ಡ್ ಅನ್ನೋ ಪ್ರೋಟೀನ್ ಸೇರ್ಕೊಳ್ಳತ್ತೆ, ವಯಸ್ಸಾಯ್ತು ಅಂತ ಕೈಬಿಡೋ ವಿಷಯ ಅಲ್ಲ ಇದು.

ಕೊಬ್ಬರಿ ಎಣ್ಣೆ ಮಾತು ಬಂದಿದ್ದು ಎಂಸಿಟಿ (ಮೀಡಿಯಂ ಚೈನ್ ಟ್ರೈಗ್ಲಿಸರೈಡ್ ಅನ್ನೋ ಒಂದು ಥರದ ಕೊಬ್ಬು) ಇಂದ. ಮುದಿ ಮೆದುಳಿಗೆ ಗ್ಲೂಕೋಸ್ ಬಳಸೋ ಶಕ್ತಿ ಕಮ್ಮಿ ಆಗತ್ತೆ, ಎಂಸಿಟಿ ಲಿವರ್‌ನಲ್ಲಿ ಕೀಟೋನ್ ಆಗಿ ಮೆದುಳಿಗೆ ಬೇರೆ ಇಂಧನ ಸಿಗತ್ತೆ. 2010ರಲ್ಲಿ ಬಂದ ಸ್ಟಡೀಲಿ 24 ವಯಸ್ಸಾದ ಬೀಗಲ್ ನಾಯಿಗಳಲ್ಲಿ ಅರ್ಧಕ್ಕೆ 8 ತಿಂಗಳು 5.5% ಎಂಸಿಟಿ ಇರೋ ಆಹಾರ ಕೊಟ್ಟಾಗ, ಅವು ಉಳಿದವಕ್ಕಿಂತ ಕಲಿಕೆ ಟೆಸ್ಟ್‌ಗಳಲ್ಲಿ ಚೆನ್ನಾಗಿ ಮಾಡಿದ್ವು. ಆದ್ರೆ ಕೊಬ್ಬರಿ ಎಣ್ಣೇಲಿ ಹೆಚ್ಚಿರೋದು ಲಾರಿಕ್ ಆಸಿಡ್, ಕೀಟೋನ್ ಆಗೋಕೆ ಬೇಕಾದ ಸಿ8, ಸಿ10 ಅನ್ನೋ ಕೊಬ್ಬಿನ ಆಸಿಡ್‌ಗಳು ಅದ್ರಲ್ಲಿ ಸ್ವಲ್ಪಾನೇ. ಎರಡು ಚಮಚ ಸುರಿದ್ರೆ ಪುಟ್ಟ ನಾಯಿಗೆ ಭೇದಿ ಆಗತ್ತೆ, ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕ ಗ್ರಂಥಿಯ ಊತ) ಭಯಾನೂ ಇದೆ.

ಎಸ್‌ಎಎಂಇ (ದೇಹದಲ್ಲೇ ತಯಾರಾಗೋ ಒಂದು ಅಂಶ, ಸಪ್ಲಿಮೆಂಟ್ ಆಗಿ ಸಿಗತ್ತೆ) ಮಾತ್ರೆಗೂ ಸ್ವಲ್ಪ ಪುರಾವೆ ಇದೆ, ಖಾಲಿ ಹೊಟ್ಟೇಲಿ, ಮುರೀದೆ ಕೊಡ್ಬೇಕು. ಒಮೆಗಾ 3, ವಿಟಮಿನ್ ಇ ಥರದ್ದೂ ಇವೆ, ಪವಾಡ ಮಾತ್ರ ನಿರೀಕ್ಷೆ ಮಾಡ್ಬೇಡಿ, ಎರಡು ತಿಂಗಳು ಕೊಟ್ಟು ರಾತ್ರಿ ಎಷ್ಟು ಸಲ ಎದ್ಲು ಅಂತ ಬರ್ದಿಟ್ಕೊಂಡು ನೋಡಿ. ಮನುಷ್ಯರ ಕ್ಯಾಪ್ಸೂಲ್ ದಯವಿಟ್ಟು ಬೇಡ, ಕೆಲವದ್ರಲ್ಲಿ ಆಲ್ಫಾ ಲಿಪೋಯಿಕ್ ಆಸಿಡ್ ಇರತ್ತೆ, ಡೋಸ್ ಜಾಸ್ತಿ ಆದ್ರೆ ನಾಯಿಗೆ ವಿಷ, ಗಮ್ಮೀಸ್‌ನಲ್ಲಿ ಕ್ಸೈಲಿಟಾಲ್ ಅನ್ನೋ ಸಿಹಿಕಾರಕ ಇದ್ರೆ ನಾಯಿ ರಕ್ತದ ಸಕ್ಕರೆ ಅಂಶ ಇಳಿದು ಜೀವಕ್ಕೇ ಅಪಾಯ.

ಇನ್ನೊಂದು, 2005ರ ಬೀಗಲ್ ಸ್ಟಡೀಲಿ ಆಂಟಿಆಕ್ಸಿಡೆಂಟ್ ಆಹಾರದ ಜೊತೆ ವಾಕ್, ಆಟದ ಸಾಮಾನು, ಜೊತೆಗೊಂದು ನಾಯಿ ಎಲ್ಲಾ ಸಿಕ್ಕಿದ ಗುಂಪೇ ಎಲ್ಲದಕ್ಕಿಂತ ಮುಂದಿತ್ತು. ಬರೀ ಮಾತ್ರೆ ಕೊಟ್ಟು ಮೂಲೇಲಿ ಮಲಗಿಸ್ಬೇಡಿ.

ಕೊಡಗಿನ ಕಾಫಿ:
ನಾನು ಎಣ್ಣೆ ಹಾಕಿ ಮೂರು ದಿನ ಭೇದಿ ಬಳ್ದಿದೀನಿ, ಬೇಡ. ರಾತ್ರಿ ಒಂದು ಸಣ್ಣ ಲೈಟ್ ಹಾಕಿಡಿ, ಸೋಫಾ ಜಾಗ ಬದಲಿಸ್ಬೇಡಿ, ಸಂಜೆ ಬಿಸಿಲು ಇಳಿದ್ಮೇಲೆ ನಿಧಾನವಾಗಿ ಮೂಸಿಕೊಂಡು ಓಡಾಡೋಕೆ ಬಿಡಿ. ನಮ್ಮವನಿಗೆ ಮಾತ್ರೆಗಿಂತ ಇದೇ ಹೆಚ್ಚು ಕೆಲಸ ಮಾಡ್ತು. ಅಪ್ಪಂಗೂ ಹೇಳಿ, ಅವಳು ಬೇಕಂತ ಮಾಡ್ತಿಲ್ಲ.

ಸಾಗರದವಳು:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಬೇರೆ ಡಾಕ್ಟರ್ ಹತ್ರ ಹೋದ್ವಿ, ಇನ್ಫೆಕ್ಷನ್ ಇಲ್ಲ, ಹಿಂದಿನ ಮಂಡಿ ಎರಡೂ ಸವೆದಿದೆಯಂತೆ, ನೋವಿಗೆ ಕೊಟ್ಟಿದಾರೆ, ಎಸ್‌ಎಎಂಇ ಮುಂದಿನ ವಾರದಿಂದ. ಅಪ್ಪಂಗೆ ಇದನ್ನೆಲ್ಲ ಓದಿ ಹೇಳ್ದೆ, ಏನೂ ಮಾತಾಡ್ಲಿಲ್ಲ. ನಿನ್ನೆ ರಾತ್ರಿ ಅವಳು ಬಾಗಿಲ ಕೀಲಿನ ಕಡೆ ನಿಂತಿದ್ದಾಗ ಅವ್ರೇ ಎದ್ದು ಹೋಗಿ ಎತ್ಕೊಂಡು ಅಂಗಳಕ್ಕೆ ಕರ್ಕೊಂಡು ಹೋದ್ರು.