ಸಹಾಯ ಬೇಕು: ಚಳಿಗಾಲದಲ್ಲಿ ಐಸ್‌ಲ್ಯಾಂಡಿನ ಬಿಸಿನೀರಿನ ಬುಗ್ಗೆಗೆ ಅಮ್ಮನೊಂದಿಗೆ ಒಂದು ದಿನದ ಪ್ರವಾಸ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯ ವಾರ ನಾವು ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನಲ್ಲಿರುತ್ತೇವೆ. ಅಲ್ಲಿಂದ ಸುಮಾರು 100 ಕಿ.ಮೀ. ದೂರದ ಹೌಕಾದಾಲೂರ್ ಕಣಿವೆಗೆ ಹೋಗಿ ಅಂದೇ ಹಿಂದಿರುಗುವ ಯೋಚನೆಯಿದೆ. ಮೈಸೂರಿನಿಂದ ಬರಲಿರುವ ಅಮ್ಮನಿಗೆ ಎಪ್ಪತ್ತು ದಾಟಿದ್ದು, ಮೊಣಕಾಲು ನೋವೂ ಇದೆ. ಅಲ್ಲಿನ ಹೆಸರಾಂತ ಬಿಸಿನೀರಿನ ಬುಗ್ಗೆ ಗೇಸಿರ್ ಈಗ ಚಿಮ್ಮುವುದು ಅಪರೂಪವಾದರೂ, ಪಕ್ಕದ ಸ್ಟ್ರೋಕ್ಕೂರ್ ಸುಮಾರು ಹತ್ತು ನಿಮಿಷಕ್ಕೊಮ್ಮೆ 15ರಿಂದ 20 ಮೀಟರ್ ಎತ್ತರಕ್ಕೆ ಚಿಮ್ಮುವುದರಿಂದ (ಕಟ್ಟಿಕೊಂಡಿದ್ದ ಅದರ ಕೊಳವೆಯನ್ನು 1963ರಲ್ಲಿ ತೆರವುಗೊಳಿಸಿದ ಸ್ಥಳೀಯರು ಪುಣ್ಯವಂತರು!) ಅಮ್ಮನನ್ನು ಚಳಿಯಲ್ಲಿ ಹೆಚ್ಚು ಹೊತ್ತು ನಿಲ್ಲಿಸಬೇಕಾಗದು ಎಂಬ ಧೈರ್ಯವಿದೆ.

ನನ್ನ ಚಿಂತೆ ದಾರಿಯದು. ಆಗ ಹಗಲು ಇರುವುದೇ ಸುಮಾರು ನಾಲ್ಕು ತಾಸು ಮಾತ್ರ. ಮೇಲಾಗಿ ಚಿಮ್ಮಿದ ನೀರು ಕಾಲುದಾರಿಯ ಮೇಲೆ ಬಿದ್ದು ಹೆಪ್ಪುಗಟ್ಟುತ್ತದೆ. ವಾಹನ ನಿಲ್ಲಿಸುವ ಜಾಗದಿಂದ ಬುಗ್ಗೆಯವರೆಗೆ ಊರುಗೋಲು ಹಿಡಿದವರು, ಬೂಟಿಗೆ ಹಾಕುವ ಮುಳ್ಳುಪಟ್ಟಿಯ ನೆರವಿನಿಂದಲಾದರೂ, ನಿರ್ಭಯವಾಗಿ ನಡೆಯಬಹುದೇ? ಹಿಮದ ರಸ್ತೆಯಲ್ಲಿ ಗಾಡಿ ಓಡಿಸಿ ಅಭ್ಯಾಸವಿಲ್ಲದ ನಾವು ಬಾಡಿಗೆ ಕಾರಿನ ಬದಲು ಪ್ರವಾಸಿ ಬಸ್ಸನ್ನೇ ನಂಬುವುದು ಲೇಸೇ? ಬಸ್ಸಿನವರು ಅಮ್ಮನ ನಿಧಾನ ನಡಿಗೆಗೆ ಸಾಕಾಗುವಷ್ಟು ಹೊತ್ತು ಅಲ್ಲಿ ನಿಲ್ಲುತ್ತಾರೆಯೇ? ಬೆಳಕು ಉಳಿದರೆ ಮಾತ್ರ ಹತ್ತಿರದ ಗುಲ್‌ಫಾಸ್ ಜಲಪಾತಕ್ಕೆ ಹೋಗುವೆವು. ಈರುಳ್ಳಿ, ಬೆಳ್ಳುಳ್ಳಿ ತಿನ್ನದ ಅಮ್ಮನಿಗೆ ಬುತ್ತಿ ಕಟ್ಟಿಕೊಂಡೇ ಹೊರಡುತ್ತೇವೆ. ಚಳಿಗಾಲದಲ್ಲೇ ಹಿರಿಯರನ್ನು ಕರೆದೊಯ್ದವರು ದಯವಿಟ್ಟು ತಮ್ಮ ಅನುಭವ ತಿಳಿಸಬೇಕಾಗಿ ವಿನಂತಿ.